ಕೊಟ್ಟಿಗೆ, ಚರಂಡಿಗಳ ನೈರ್ಮಲ್ಯಕ್ಕೆ ಸುಟ್ಟ ಸುಣ್ಣ: ಅರಳಿಸುವ ಮತ್ತು ಬಳಸುವ ಕ್ರಮ

ಸುಣ್ಣ ರೋಗಾಣುಗಳನ್ನು ಕೊಲ್ಲುವುದು ತನ್ನ ತೀವ್ರ ಕ್ಷಾರಗುಣದಿಂದ, ಆ ಗುಣ ಕೆಲಸಕ್ಕೆ ಬರುವುದು ಅದು ನೀರಿನೊಡನೆ ಬೆರೆತಾಗ. ಸುಣ್ಣದ ತಿಳಿನೀರಿನ ಪಿಎಚ್ (ಆಮ್ಲ–ಕ್ಷಾರಗಳ ಅಳತೆ, 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ ಹೆಚ್ಚು) ಸುಮಾರು 12.4 ಇರುತ್ತದೆ. ಚರಂಡಿಯ ಅಂಚಿಗೆ ಗೆರೆ ಎಳೆದಂತೆ ಉದುರಿಸಿದ ಒಣ ಪುಡಿಯಾದರೋ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ರಮೇಣ ಸತ್ತ್ವ ಕಳೆದುಕೊಳ್ಳುತ್ತದೆ. ಇಂತಹ ಅಲ್ಪ ಪ್ರಯೋಜನಕ್ಕಾಗಿ ಪೌರಕಾರ್ಮಿಕರಿಂದ ಬರಿಗೈಯಲ್ಲಿ ಸುಣ್ಣ ಎರಚಿಸುವ ರೂಢಿ ನಿಲ್ಲಲೇಬೇಕು.

ಸುಟ್ಟ ಸುಣ್ಣವನ್ನು ಮೊದಲು ಅರಳಿಸಿಕೊಳ್ಳಬೇಕು. ಒಂದು ಕಿಲೋ ಸುಣ್ಣ ಅರಳುವಾಗ ಹೊರಬೀಳುವ ಶಾಖ ಮೂರು ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟಿರುತ್ತದೆ. ಆದ್ದರಿಂದ ಬಯಲಿನಲ್ಲಿ, ಮಕ್ಕಳು ಮತ್ತು ದನಕರುಗಳಿಂದ ದೂರವಾಗಿ, ಅಗಲ ಬಾಯಿಯ ಕಬ್ಬಿಣದ ಡ್ರಮ್ಮಿಗೆ ಕಿಲೋಗೆ ಮೂರು ಲೀಟರಿನಂತೆ ಮೊದಲು ನೀರು ತುಂಬಿ, ಸುಣ್ಣದ ಹರಳುಗಳನ್ನು ಉದ್ದ ಹಿಡಿಕೆಯ ಸಲಿಕೆಯಿಂದ ಸ್ವಲ್ಪಸ್ವಲ್ಪವಾಗಿ ಇಳಿಬಿಡಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ ಅದು ಕೊತಕೊತ ಕುದಿದು ಮುಖಕ್ಕೆ ಸಿಡಿಯಬಹುದು. ಅಲ್ಯೂಮಿನಿಯಂ ಪಾತ್ರೆ ಬೇಡ. ಸುಣ್ಣ ಅದನ್ನು ತಿನ್ನುತ್ತದೆ, ಹೊತ್ತಿಕೊಳ್ಳುವ ಜಲಜನಕವೂ ಹುಟ್ಟುತ್ತದೆ. ಅರಳುತ್ತಿರುವ ಸುಣ್ಣದ ಮೇಲೆ ಬಿಗಿ ಮುಚ್ಚಳ ಹಾಕಬಾರದು. ಕಣ್ಣನ್ನು ಸುತ್ತಲೂ ಮುಚ್ಚುವ ರಕ್ಷಣಾ ಕನ್ನಡಕ, ರಬ್ಬರ್ ಕೈಗವಸು, ಗಮ್ ಬೂಟು, ಮಾಸ್ಕ್, ತುಂಬುತೋಳಿನ ಬಟ್ಟೆ ಇಲ್ಲದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು.

ಒಂದು ರಾತ್ರಿ ಬಿಟ್ಟು, ತಣ್ಣಗಾದ ಸುಣ್ಣಕ್ಕೆ ಕಿಲೋಗೆ ಇನ್ನೆರಡು ಮೂರು ಲೀಟರ್ ನೀರು ಬೆರೆಸಿ ಸೋಸಿಕೊಳ್ಳಬೇಕು. ಸಗಣಿ, ಗಂಜಲವನ್ನು ಪೂರ್ತಿ ತೊಳೆದ ಮೇಲೆಯೇ ಕೊಟ್ಟಿಗೆಯ ನೆಲಕ್ಕೂ ಗೋಡೆಗೂ ಇದನ್ನು ಬಳಿಯಬೇಕು. ಗಂಜಲ ಉಳಿದಿದ್ದರೆ ಅಮೋನಿಯಾದ ಘಾಟು ಎದ್ದು ಉಸಿರು ಕಟ್ಟಿಸುತ್ತದೆ. ಬಳಿದದ್ದು ಒಣಗುವವರೆಗೆ ದನಗಳನ್ನು ಒಳಗೆ ಕಟ್ಟಬಾರದು. ಗುಂಡಿಯಲ್ಲಿನ ಮಲದ ಕೆಸರಿಗೆ ಬಳಸುವುದಾದರೆ ಚೆನ್ನಾಗಿ ಕಲಸಿ, ಪಿಎಚ್ ಕನಿಷ್ಠ 2 ಗಂಟೆ 12ಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಕುಡಿಯುವ ನೀರಿನ ಬಾವಿಗೆ ಬೇಕಾದದ್ದು ಬ್ಲೀಚಿಂಗ್ ಪೌಡರ್, ಸುಣ್ಣವಲ್ಲ. ಎರಡೂ ಬಿಳಿಯ ಪುಡಿಗಳಾದ್ದರಿಂದ ಚೀಲಗಳ ಮೇಲೆ ಹೆಸರು ಬರೆದಿಡಬೇಕು. ದನಗಳಿಂದ ಮನುಷ್ಯರಿಗೂ ತಗಲುವ ಮಾರಕ ರೋಗವಾದ ಆಂಥ್ರಾಕ್ಸ್‌ನ ಶಂಕೆಯಿರುವ ಕಳೇಬರಕ್ಕೆ ಸುಣ್ಣವನ್ನು ನಂಬದೆ, ಅದನ್ನು ಮುಟ್ಟುವ ಮೊದಲೇ ಪಶುವೈದ್ಯರನ್ನು ಕರೆಸಬೇಕು.

ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆಸ್ಪತ್ರೆಗೆ ಓಡುವ ಮೊದಲು, ನಿಂತಲ್ಲೇ, ರೆಪ್ಪೆಗಳನ್ನು ಅಗಲಿಸಿ ಹಿಡಿದು ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸುತ್ತಲೇ ಇರಬೇಕು. ಅನಂತರ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ನಿಂಬೆರಸ, ವಿನೆಗರ್, ಎಣ್ಣೆ ಯಾವುದನ್ನೂ ಹಾಕಬಾರದು. ಮೈಮೇಲೆ ಬಿದ್ದ ಒಣ ಪುಡಿಯನ್ನು ಮೊದಲು ಬಟ್ಟೆಯಿಂದ ಕೊಡವಿ, ಆಮೇಲೆ ಧಾರಾಳ ನೀರಿನಿಂದ ತೊಳೆಯಬೇಕು.

ಉಳಿದ ಸುಟ್ಟ ಸುಣ್ಣವನ್ನು ಒಣಗಿದ, ನೆಲದ ತೇವ ತಾಗದ ಜಾಗದಲ್ಲಿ ಇಡಬೇಕು. ಹುಲ್ಲು, ಕಟ್ಟಿಗೆಗಳ ಬಳಿ ಖಂಡಿತ ಬೇಡ. ಸೋರಿದ ಮಳೆನೀರು ತಾಗಿ ಹುಟ್ಟುವ ಶಾಖಕ್ಕೆ ಅವು ಹೊತ್ತಿಕೊಳ್ಳಬಹುದು. ನೀರಿಗೆ ಹಾಕಿದರೂ ಬಿಸಿಯಾಗದ ಹಳೆಯ ಸುಣ್ಣವನ್ನು ನೈರ್ಮಲ್ಯದ ಕೆಲಸಕ್ಕೆ ನೆಚ್ಚಿಕೊಳ್ಳದೆ ಹೊಸದನ್ನು ತರಿಸಬೇಕು.