ಕತ್ತಿ ತಾಗದ ತೋಳಕ್ಕೆ ಒಂದು ಬೆಳ್ಳಿ ನಾಣ್ಯದ ಎಣ್ಣೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಅದರಲ್ಲಿ ಡಿಎಂ ಆಗಿ, ಅಂದರೆ ಕಥೆ ನಡೆಸಿ ತೀರ್ಪು ಕೊಡುವವರಾಗಿ ಕೂರುವವರು ಮಾನ್ಸ್ಟರ್ ಪುಟ ತೆರೆದ ಕೂಡಲೇ ಅದರ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆದುಕೊಳ್ಳುತ್ತದೆ) ಎಷ್ಟು, ಹೊಡೆತ ಎಷ್ಟು ಅಂತ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಇಮ್ಯೂನಿಟಿ ಸಾಲಿಗೆ, ಅಂದರೆ ಅದಕ್ಕೆ ಏನೇನು ತಾಗುವುದೇ ಇಲ್ಲ ಅನ್ನುವ ಸಾಲಿಗೆ. ಆವತ್ತಿನ ಕಾಳಗ ಸುಮ್ನೆ ದಾಳ ಉರುಳಿಸುವ ಕೆಲಸವಾಗುತ್ತದೋ, ಆಟಗಾರರು ತಲೆ ಕೆರೆದುಕೊಳ್ಳುತ್ತಾರೋ ಅನ್ನುವುದು ಬಹಳ ಸಲ ಆ ಸಾಲಿನಲ್ಲೇ ಇರುತ್ತದೆ.

ನಮ್ಮ ಗುಂಪು ಆಡುವುದು 2014ರ ಐದನೇ ಆವೃತ್ತಿ. ಇದರಲ್ಲಿ ಲೆಕ್ಕ ಸುಲಭ. ಡ್ಯಾಮೇಜ್ 13 ಬಗೆ: ಬೆಂಕಿ, ಚಳಿ, ಸಿಡಿಲು, ಆಸಿಡ್, ವಿಷ, ಕತ್ತಿಯ ಕಡಿತ, ಬಾಣದ ಇರಿತ, ಗದೆಯ ಜಜ್ಜು, ಹೀಗೆ. ರೆಸಿಸ್ಟೆನ್ಸ್ ಇದ್ದರೆ ಅರ್ಧ ಡ್ಯಾಮೇಜ್, ವಲ್ನರಬಿಲಿಟಿ ಇದ್ದರೆ ದುಪ್ಪಟ್ಟು, ಇಮ್ಯೂನಿಟಿ ಇದ್ದರೆ ಸೊನ್ನೆ. 17ರಲ್ಲಿ ಅರ್ಧ ಅಂದರೆ 8, ಎಂಟೂವರೆ ಅಲ್ಲ. ಎರಡು ಕಡೆಯಿಂದ ರೆಸಿಸ್ಟೆನ್ಸ್ ಸಿಕ್ಕರೂ ಅರ್ಧವೇ, ಕಾಲು ಆಗುವುದಿಲ್ಲ. ಲೆಕ್ಕ ಇಷ್ಟೇ.

ಹೊಸಬರು ಬಂದರೆ ನಾನು ರೂಲ್ ಓದಿ ಹೇಳಲು ಹೋಗುವುದಿಲ್ಲ. ಹಿರಣ್ಯಕಶಿಪುವಿನ ಕಥೆ ಗೊತ್ತಲ್ವಾ ಅಂತ ಕೇಳುತ್ತೇನೆ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಬೇಡ, ಹೊರಗೂ ಬೇಡ. ಅಷ್ಟೆಲ್ಲ ಪಟ್ಟಿ ಮಾಡಿ ವರ ಕೇಳಿದ. ಮುಸ್ಸಂಜೆ, ಹೊಸ್ತಿಲು, ಉಗುರು ಬಿಟ್ಟುಹೋದವು. ಮಾನ್ಸ್ಟರ್‌ನ ಇಮ್ಯೂನಿಟಿಯನ್ನೂ ಹಾಗೇ ಓದಿ ಅನ್ನುತ್ತೇನೆ. ಪಟ್ಟಿಯಲ್ಲಿ ಬಿಟ್ಟುಹೋಗಿರುವುದನ್ನು ಹುಡುಕಿ.

ವೇರ್‌ವುಲ್ಫ್, ಅಂದರೆ ಶಾಪದಿಂದ ತೋಳವಾಗುವ ಮನುಷ್ಯ, ಇದಕ್ಕೆ ಒಳ್ಳೆಯ ಪಾಠ. ಹಿಟ್ ಪಾಯಿಂಟ್ 58, ಮೂರನೇ ಲೆವೆಲ್ ಪಾರ್ಟಿಗೆ, ಅಂದರೆ ಆಟಗಾರರ ತಂಡಕ್ಕೆ, ಅದೇನೂ ಭಾರೀ ಅಲ್ಲ. ಆದರೆ ಮ್ಯಾಜಿಕ್ ಇಲ್ಲದ, ಬೆಳ್ಳಿ ಲೇಪ ಇಲ್ಲದ ಆಯುಧದಿಂದ ಕಡಿದರೂ ಇರಿದರೂ ಜಜ್ಜಿದರೂ ಅದಕ್ಕೆ ಏನೂ ಆಗುವುದಿಲ್ಲ. ನಮ್ಮ ಪಾರ್ಟಿಯಲ್ಲಿ ಆಗ ಒಂದೂ ಮ್ಯಾಜಿಕ್ ಕತ್ತಿ ಇರಲಿಲ್ಲ. ಬೇಕಂತಲೇ ಅದನ್ನು ತಂದೆ.

ಸುಳಿವು ಕೊಡದೆ ತರುವುದು ಅನ್ಯಾಯ. ಕಾಳಗಕ್ಕೆ ಮೊದಲೇ ಕನಿಷ್ಠ ಮೂರು ಕಡೆ ಸುಳಿವು ಇಡುತ್ತೇನೆ, ಯಾಕೆಂದರೆ ಒಂದನ್ನು ಯಾರೂ ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿದುಕೊಳ್ಳುತ್ತಾರೆ. ಈ ಸಲ ಊರಿನ ಪ್ರತಿ ಬಾಗಿಲ ಮೇಲೂ ಒಂದು ಬೆಳ್ಳಿ ನಾಣ್ಯ ಮೊಳೆ ಹೊಡೆದು ಕೂರಿಸಿತ್ತು. ಬೇಟೆಗಾರನೊಬ್ಬನ ಈಟಿಯ ಮೊನೆ ಮುರಿದಿತ್ತು, ಅದರಲ್ಲಿ ರಕ್ತದ ಗುರುತೇ ಇರಲಿಲ್ಲ. ಕಮ್ಮಾರನ ಅಂಗಡಿಯಲ್ಲಿ ಬೆಳ್ಳಿ ಲೇಪದ ಬಾಣಗಳು ಖಾಲಿಯಾಗಿದ್ದವು. ನಮ್ಮಲ್ಲಿ ರೋಗ್, ಅಂದರೆ ಕಳ್ಳಿಯ ಪಾತ್ರ, ಆಡುವವಳು ಮಾಡಿದ ಮೊದಲ ಕೆಲಸ, ಬಾಗಿಲ ನಾಣ್ಯಗಳನ್ನು ಕದಿಯಲು ನೋಡಿದ್ದು. ಊರವರು ಓಡಿಸಿಕೊಂಡು ಬಂದ ಮೇಲೆ ಎಲ್ಲರಿಗೂ ವಿಷಯ ಹೊಳೆಯಿತು.

ಆಮೇಲೆ ಬೆಲೆಯ ಸಮಸ್ಯೆ. ರೂಲ್ ಪ್ರಕಾರ ಒಂದು ಆಯುಧಕ್ಕೋ ಹತ್ತು ಬಾಣಕ್ಕೋ ಬೆಳ್ಳಿ ಲೇಪ ಹಾಕಿಸಲು 100 ಚಿನ್ನದ ನಾಣ್ಯ. ಅವರ ಹತ್ತಿರ ಎಲ್ಲ ಸೇರಿಸಿದರೂ ಅಷ್ಟಿರಲಿಲ್ಲ. ಚೌಕಾಸಿ ನಡೆಯಿತು, ಕಮ್ಮಾರ ಒಪ್ಪಲಿಲ್ಲ. ಆಗ ವಿಜಾರ್ಡ್, ಅಂದರೆ ಮಂತ್ರವಾದಿಯ ಪಾತ್ರ, ಆಡುವವನು ಸಾಮಾನಿನ ಪಟ್ಟಿ ತಿರುವಿ ಹಾಕಿ, "ದೀಪದ ಎಣ್ಣೆ ಒಂದು ಕುಪ್ಪಿಗೆ ಒಂದೇ ಬೆಳ್ಳಿ ನಾಣ್ಯ ಕಣ್ರೋ" ಅಂದ. ಮೇಲೆ ಎಣ್ಣೆ ಎರಚಿ, ಅದು ಒಣಗುವ ಮೊದಲು ಬೆಂಕಿ ತಗುಲಿಸಿದರೆ 5 ಡ್ಯಾಮೇಜ್ ಜಾಸ್ತಿ. ಉರಿಯುವ ಪಂಜಿನಿಂದ ಹೊಡೆದರೂ 1 ಬೆಂಕಿ ಡ್ಯಾಮೇಜ್ ಇದೆ, ಎಣ್ಣೆ ಹೊತ್ತಿಕೊಳ್ಳಲು ಅಷ್ಟು ಸಾಕು. ವೇರ್‌ವುಲ್ಫ್‌ನ ಪಟ್ಟಿಯಲ್ಲಿ ಬೆಂಕಿ ಇಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಅದಕ್ಕೆ ಕಂಡಿಷನ್ ಇಮ್ಯೂನಿಟಿಗಳೂ ಇಲ್ಲ, ಅಂದರೆ ಹಿಡಿದುಕೊಳ್ಳಬಹುದು, ಎಳೆಯಬಹುದು, ತಳ್ಳಬಹುದು. ಕತ್ತಿ ಕೆಲಸಕ್ಕೆ ಬಾರದೆ ಮುಖ ಸಪ್ಪೆ ಮಾಡಿಕೊಂಡಿದ್ದ ಫೈಟರ್‌ಗೆ ಕೆಲಸ ಸಿಕ್ಕಿತು. ಅದನ್ನು ಅಪ್ಪಿ ಹಿಡಿದು ಊರ ಹೊರಗಿನ ಹಾಳು ಬಾವಿಯವರೆಗೆ ಎಳೆದು ತಳ್ಳಿದ. ಆಳ 60 ಅಡಿ. ಬಿದ್ದರೆ ಪ್ರತಿ 10 ಅಡಿಗೆ ಒಂದು ಆರುಮುಖದ ದಾಳ, ಒಟ್ಟು ಆರು, ಸರಾಸರಿ 21. ಬೀಳುವುದೂ ಜಜ್ಜುವ ಡ್ಯಾಮೇಜೇ ಅಲ್ವಾ, ತಾಗುತ್ತದಾ ಅಂತ ವಾದ ಎದ್ದಿತು. ಇಮ್ಯೂನಿಟಿ ಇರುವುದು ಆಯುಧದ ದಾಳಿಗೆ, ನೆಲ ಯಾರ ಮೇಲೂ ದಾಳಿ ಮಾಡುವುದಿಲ್ಲ ಅಂತ ತೀರ್ಪು ಕೊಟ್ಟೆ. ಮೇಲಿಂದ ಎಣ್ಣೆ ಸುರಿದರು, ಪಂಜು ಎಸೆದರು. ಹಿಡಿದುಕೊಳ್ಳುವಾಗ ಫೈಟರ್‌ಗೆ ಕಚ್ಚಿಸಿಕೊಂಡದ್ದಾಗಿತ್ತು, ಶಾಪದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ, ಸೇವಿಂಗ್ ಥ್ರೋ, ಕೈಕೊಟ್ಟಿತು, ತೋಳವಾಗುವ ಶಾಪ ಅವನಿಗೇ ಅಂಟಿತು. ಮುಂದಿನ ಹುಣ್ಣಿಮೆಯ ಕಥೆಯನ್ನು ನಾನು ಹುಡುಕಬೇಕಾಗಿ ಬರಲಿಲ್ಲ.

ಟೇಬಲ್‌ನಲ್ಲಿ ಇದನ್ನೆಲ್ಲ ಹೇಳುವ ಬಾಯಿಯೂ ಮುಖ್ಯ. ಇಪ್ಪತ್ತು ಮುಖದ ದಾಳದಲ್ಲಿ 19 ಬಿದ್ದವನಿಗೆ "ಏನೂ ಆಗಲಿಲ್ಲ" ಅಂದರೆ ಅವನು ಗುರಿ ತಪ್ಪಿತು ಅಂದುಕೊಂಡು ಮತ್ತೆ ಅದೇ ಕತ್ತಿ ಬೀಸುತ್ತಾನೆ. ಅದಕ್ಕೆ ಮೂರನ್ನೂ ಬೇರೆ ಬೇರೆ ಮಾಡಿ ಹೇಳುತ್ತೇನೆ. ಗುರಿ ತಪ್ಪಿದರೆ, "ಪಕ್ಕಕ್ಕೆ ಸರಿಯಿತು." ರೆಸಿಸ್ಟೆನ್ಸ್ ಇದ್ದರೆ, "ತಾಗಿತು, ಆದರೆ ನೀನು ಹಾಕಿದ ಬಲಕ್ಕೆ ಗಾಯ ಸಣ್ಣದು." ಇಮ್ಯೂನಿಟಿ ಇದ್ದರೆ, "ಸರಿಯಾಗಿ ಕುತ್ತಿಗೆಗೇ ತಾಗಿತು, ಒಂದು ಗೀರೂ ಬೀಳಲಿಲ್ಲ, ಅದು ನಿನ್ನನ್ನು ನೋಡಿ ಹಲ್ಲು ಕಿಸಿಯಿತು." ಎರಡನೇ ಸಲಕ್ಕೆ ಯಾರೂ ಆ ಕತ್ತಿ ಎತ್ತುವುದಿಲ್ಲ.

ಬ್ಲ್ಯಾಕ್ ಪುಡಿಂಗ್ ಅನ್ನುವ ಕಪ್ಪು ಲೋಳೆ ಇನ್ನೂ ತರಲೆ. ಕತ್ತಿಯಿಂದ ಕಡಿದರೆ ಡ್ಯಾಮೇಜ್ ಸೊನ್ನೆ, ಜೊತೆಗೆ ಅದು ಎರಡಾಗುತ್ತದೆ. ಸಿಡಿಲು ಬಿಟ್ಟರೂ ಅದೇ ಗತಿ. ರಕ್ತಬೀಜಾಸುರನ ಕಥೆ ಗೊತ್ತಿದ್ದವರು ಮೊದಲ ಕಡಿತಕ್ಕೇ ಕತ್ತಿ ಕೆಳಗಿಟ್ಟರು. ಗೊತ್ತಿಲ್ಲದವನೊಬ್ಬ ಅದನ್ನು ನಾಲ್ಕು ಮಾಡಿ ಕೂರಿಸಿದ.

ಮೊದಲಿಂದಲೂ ಈ ರೂಲ್ ಹೀಗೇ ಇರಲಿಲ್ಲ. 1977ರ ಮಾನ್ಸ್ಟರ್ ಮ್ಯಾನುಯಲ್ ಅನ್ನುವ ಮಾನ್ಸ್ಟರ್‌ಗಳ ಪುಸ್ತಕದಲ್ಲಿ ವೇರ್‌ವುಲ್ಫ್‌ಗೆ ಬೆಳ್ಳಿ ಬೇಕು, ಇಲ್ಲವೇ ಮ್ಯಾಜಿಕ್ ಆಯುಧ ಬೇಕು, ಅಷ್ಟೇ. 2003ರಲ್ಲಿ ಬಂದ ಮೂರೂವರೆ ಆವೃತ್ತಿ ಬಾಗಿಲನ್ನು ಅರ್ಧ ತೆರೆಯಿತು. ಬೆಳ್ಳಿ ಇಲ್ಲದ ಹೊಡೆತದಲ್ಲಿ 10 ಕಳೆಯಿರಿ, ಉಳಿದದ್ದು ತಾಗುತ್ತದೆ. ಆದರೆ ಒಂದಕ್ಕೆ ಬೆಳ್ಳಿ, ಇನ್ನೊಂದಕ್ಕೆ ಕೋಲ್ಡ್ ಐರನ್, ಮತ್ತೊಂದಕ್ಕೆ ಅಡಮಂಟೈನ್, ಹೀಗೆ ಒಂದೊಂದಕ್ಕೆ ಒಂದೊಂದು ಲೋಹ ಅಂತಾಗಿ ಫೈಟರ್‌ಗಳು ಪಾತ್ರೆ ಅಂಗಡಿಯನ್ನೇ ಬೆನ್ನಿಗೆ ಹೊತ್ತು ತಿರುಗುವಂತಾಯಿತು. 2025ರ ಹೊಸ ಮಾನ್ಸ್ಟರ್ ಮ್ಯಾನುಯಲ್‌ನಲ್ಲಿ ವೇರ್‌ವುಲ್ಫ್‌ನ ಆ ಸಾಲನ್ನೇ ತೆಗೆದಿದ್ದಾರೆ. ಯಾವ ಕತ್ತಿಯಾದರೂ ತಾಗುತ್ತದೆ. ಆಟ ಸಲೀಸಾಯಿತು, ಒಪ್ಪುತ್ತೇನೆ. ಆದರೆ ನಾಣ್ಯವೂ ಬೇಡ, ಬಾವಿಯೂ ಬೇಡ ಅಂದಮೇಲೆ ಅದು ಕೂದಲು ಜಾಸ್ತಿ ಇರುವ ದರೋಡೆಕೋರ, ಅಷ್ಟೇ. ನನ್ನ ಟೇಬಲ್‌ನಲ್ಲಿ ಹಳೇ ಸಾಲು ಉಳಿದಿದೆ.

ಈ ಆಟದ ರಾಕ್ಷಸನನ್ನು ನೋಡಿ ನಮ್ಮವರು ಮೊದಲು ನಕ್ಕರು. ಹುಲಿ ಮುಖ, ಹಿಂದುಮುಂದಾದ ಅಂಗೈ, ಮೈಮೇಲೆ ರೇಷ್ಮೆ ಬಟ್ಟೆ. ನಮ್ಮ ಯಕ್ಷಗಾನದ ರಾಕ್ಷಸನಿಗೂ ಇವನಿಗೂ ಸಂಬಂಧವೇ ಇಲ್ಲ. ಆದರೆ ಆರನೇ ಲೆವೆಲ್‌ವರೆಗಿನ ಯಾವ ಮಂತ್ರವೂ ಅವನು ಬಯಸದೆ ಅವನಿಗೆ ತಾಗುವುದಿಲ್ಲ ಅಂತ ಗೊತ್ತಾದಾಗ ವಿಜಾರ್ಡ್ ನಗು ನಿಲ್ಲಿಸಿದ. ಇಲ್ಲೂ ಕಿಂಡಿ ಇದೆ: ಒಳ್ಳೆಯವರ ಕೈಯಲ್ಲಿರುವ, ಇರಿಯುವ ಮ್ಯಾಜಿಕ್ ಆಯುಧ ತಾಗಿದರೆ ದುಪ್ಪಟ್ಟು. ಕಳ್ಳತನವನ್ನೇ ಕಸುಬು ಮಾಡಿಕೊಂಡ ರೋಗ್ ಒಳ್ಳೆಯವಳಾ ಅಂತ ಅರ್ಧ ಗಂಟೆ ಚರ್ಚೆ ಆಯಿತು. ಬಾಗಿಲ ನಾಣ್ಯದ ವಿಷಯ ಯಾರೋ ಎತ್ತಿದರು.

ಈ ವ್ಯವಸ್ಥೆಯಲ್ಲಿ ನನಗೆ ಸರಿಕಾಣದ್ದು ವಿಷ. ಅಸ್ಥಿಪಂಜರ, ಜಾಂಬಿ, ಗೋಲೆಮ್, ಡೆವಿಲ್, ಎಲಿಮೆಂಟಲ್, ಯಾರಿಗೂ ವಿಷ ತಾಗುವುದಿಲ್ಲ. ಲೆವೆಲ್ ಏರಿದಷ್ಟೂ ಇಂಥವರೇ ಎದುರಾಗುತ್ತಾರೆ. ಇದರಲ್ಲಿ ಹುಡುಕಲು ಯಾವ ಕಿಂಡಿಯೂ ಇಲ್ಲ, ಒಬ್ಬ ಆಟಗಾರ ಸುಮ್ನೆ ಕೂರಬೇಕಾಗುತ್ತದೆ ಅಷ್ಟೇ. ಅದಕ್ಕೇ ವಿಷ ನಂಬಿಕೊಂಡು ಕ್ಯಾರೆಕ್ಟರ್ ಮಾಡಲು ಹೊರಟವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ. ನಮ್ಮ ರೋಗ್ ಕೇಳಲಿಲ್ಲ, ಚೀಲದ ತುಂಬ ವಿಷದ ಕುಪ್ಪಿ ತುಂಬಿಸಿಕೊಂಡಿದ್ದಳು. ಒಂದರ ಬೆಲೆ 100 ಚಿನ್ನದ ನಾಣ್ಯ, ಮಾರಲು ಹೋದರೆ ಅರ್ಧ. ಕೊನೆಗೆ ಎರಡು ಕುಪ್ಪಿ ಮಾರಿ, ಅದೇ ಕಮ್ಮಾರನ ಹತ್ತಿರ ತನ್ನ ಚೂರಿಗೆ ಬೆಳ್ಳಿ ಹಾಕಿಸಿಕೊಂಡಳು. ಫೈಟರ್‌ಗೆ ಕಾಣದ ಹಾಗೆ.