ವಾರ್ಡಿನ ಫೋಟೊ ಕಳಿಸುವ ಮುನ್ನ: ನರ್ಸ್‌ಗಳಿಗೆ ಒಂದಿಷ್ಟು ಪಾಠ

‘ಹೆಸರು ಹಾಕಿಲ್ಲವಲ್ಲ’ ಎಂಬ ಧೈರ್ಯದಲ್ಲೇ ಆಸ್ಪತ್ರೆಯ ಎಷ್ಟೋ ಗುಟ್ಟುಗಳು ಸ್ಟೇಟಸ್‌ಗೆ ಏರುತ್ತವೆ. ‘ಸಿಂಧನೂರು ಕಡೆಯ ಹುಡುಗಿ, 19 ವರ್ಷ, ಇವತ್ತು ಐಸಿಯುನಲ್ಲಿ, ಪಾಪ’ ಎಂದು ಬರೆದರೆ ರಾಯಚೂರು ಜಿಲ್ಲೆಯಲ್ಲಿ ಯಾರೆಂದು ಊಹಿಸಲು ಹೊತ್ತು ಬೇಕಿಲ್ಲ. ಯಾವ ಹಳ್ಳಿಗೆ ಆಂಬುಲೆನ್ಸ್ ಹೋಗಿತ್ತೆಂದು ಸುತ್ತಲಿನವರಿಗೆ ಗೊತ್ತಿರುತ್ತದೆ. ಊರು, ವಯಸ್ಸು, ಕಾಯಿಲೆ, ದಿನ. ಈ ನಾಲ್ಕರಲ್ಲಿ ಮೂರು ಸೇರಿದರೆ ಹೆಸರು ಹೇಳಿದಂತೆಯೇ. ‘ಹಟ್ಟಿ ಗಣಿಯ ಕಾರ್ಮಿಕ’ ಎಂಬಂಥ ಕಸುಬಿನ ಸುಳಿವಿನಿಂದ ಗುರುತು ಇನ್ನೂ ಬೇಗ ಬಯಲಾಗುತ್ತದೆ.

ಕಾನೂನು ಲೆಕ್ಕ ಹಾಕುವುದೂ ಹೀಗೆಯೇ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೊ ಮಾತ್ರವಲ್ಲದೆ ಮನೆತನ, ಶಾಲೆ, ನೆರೆಹೊರೆಯ ವಿವರವನ್ನೂ ಬಹಿರಂಗಪಡಿಸುವಂತಿಲ್ಲ ಎನ್ನುತ್ತದೆ. ಎಚ್‌ಐವಿ ಸೋಂಕಿತರ ಗೋಪ್ಯತೆಗೆ 2017ರ ಪ್ರತ್ಯೇಕ ಕಾಯ್ದೆಯಿದೆ. ಮಾನಸಿಕ ರೋಗಿಗಳ ಗೋಪ್ಯತೆ ಕಾಯುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದೇ ವರ್ಷದ್ದು.

ಹಾಗೆಂದು ಫೋಟೊ ಕಳಿಸದೆ ಕೆಲಸ ಸಾಗದು. ರಾತ್ರಿ ಪಾಳಿಯಲ್ಲಿ ಎದೆನೋವಿನ ರೋಗಿ ಬಂದರೆ ಇಸಿಜಿ ಡಾಕ್ಟರರ ಮೊಬೈಲ್‌ಗೆ ಹೋಗಲೇಬೇಕು. ಇಸಿಜಿ ಕಾಗದದ ಮೇಲ್ತುದಿಯಲ್ಲಿ ಹೆಸರು ಅಚ್ಚಾಗಿದ್ದರೆ ಆ ಭಾಗವನ್ನು ಹಿಂದಕ್ಕೆ ಮಡಿಸಿ, ಇಲ್ಲವೇ ಖಾಲಿ ಕಾಗದ ಇಟ್ಟು ಮುಚ್ಚಿ. ಟೇಪ್ ಅಂಟಿಸಬೇಡಿ; ಅಂಟು ತಾಗಿದ ಕಡೆ ಥರ್ಮಲ್ ಕಾಗದದ ಅಚ್ಚು ಮಾಸುತ್ತದೆ. ಸಮಯ ಮತ್ತು 25 ಮಿ.ಮೀ./ಸೆ. (ಕಾಗದ ಓಡುವ ವೇಗ), 10 ಮಿ.ಮೀ./ಎಂವಿ (ಅಲೆಯ ಎತ್ತರದ ಅಳತೆ) ಎಂಬ ಗುರುತು ಮುಚ್ಚದೆ ಕಾಣುತ್ತಿರಲಿ, ಅವಿಲ್ಲದೆ ಅಲೆಗಳನ್ನು ಸರಿಯಾಗಿ ಓದಲಾಗದು. ಹೆಸರು ಮುಚ್ಚಿದ್ದರಿಂದ ಇನ್ನೊಂದು ಅಪಾಯವೂ ಇದೆ: ಇಬ್ಬರ ಇಸಿಜಿ ಅದಲುಬದಲಾಗಬಹುದು. ಅದಕ್ಕೇ ಐಪಿ ಸಂಖ್ಯೆಯ (ಒಳರೋಗಿ ನೋಂದಣಿ ಸಂಖ್ಯೆ) ಕೊನೆಯ ಮೂರು ಅಂಕಿ ಬರೆದು ಕಳಿಸಿ, ಕೂಡಲೇ ಫೋನ್ ಮಾಡಿ ಯಾರದೆಂದು ಬಾಯಲ್ಲಿ ಹೇಳಿ. ಡಾಕ್ಟರರು ಹೇಳಿದ ಔಷಧ, ಪ್ರಮಾಣವನ್ನು ಅವರಿಗೇ ಮರಳಿ ಓದಿ ಹೇಳಿ ಕೇಸ್‌ಶೀಟ್‌ಗೆ ಇಳಿಸಿ. ಇದು ಒಬ್ಬರಿಗೆ ಹೋಗಬೇಕಾದ ಚಿತ್ರ, ಗ್ರೂಪ್‌ಗೆ ಅಲ್ಲ.

ಗಾಯದ ಫೋಟೊ ಆದರೆ ಮೊದಲು ರೋಗಿಯ ಒಪ್ಪಿಗೆ ಕೇಳಿ. ಕೆಳಗೆ ಬಿಳಿ ಬಟ್ಟೆ, ಪಕ್ಕದಲ್ಲಿ ಅಳತೆಪಟ್ಟಿ, ಚೌಕಟ್ಟಿನೊಳಗೆ ಗಾಯ ಮಾತ್ರ. ಮುಖ, ಮಂಚದ ಸಂಖ್ಯೆ, ಕೈಪಟ್ಟಿಯ ಬಗ್ಗೆ ಎಲ್ಲರೂ ಹುಷಾರಾಗಿರುತ್ತಾರೆ, ಮರೆಯುವುದು ಹಚ್ಚೆಯನ್ನು. ನಮ್ಮ ಕಡೆ ಎಷ್ಟೋ ಅಜ್ಜಿಯರ ಮುಂಗೈ ಮೇಲೆ ಗಂಡನ ಹೆಸರೇ ಇರುತ್ತದೆ. ಬೇಡದ ಭಾಗವನ್ನು ಕತ್ತರಿಸಿ ತೆಗೆಯಿರಿ. ಮಾರ್ಕರ್‌ನಿಂದ ಗೀಚಿದರೆ ಬೆಳಕು ಹೆಚ್ಚಿಸಿದಾಗ ಅಡಿಯ ಅಕ್ಷರ ಇಣುಕುವುದುಂಟು.

ಕಳಿಸಿದ ಮೇಲೂ ಚಿತ್ರ ಫೋನ್‌ನಲ್ಲೇ ಕುಳಿತಿರುತ್ತದೆ, ಮನೆಯ ಮಕ್ಕಳು ಗ್ಯಾಲರಿ ತೆಗೆದಾಗ ಕಾಣುತ್ತದೆ. ನೀವು ತೆಗೆದದ್ದನ್ನು ಗ್ಯಾಲರಿಯಿಂದ ಅಳಿಸಿ. ಮುಂದೆ ನಿಮಗೆ ಬರುವ ಚಿತ್ರಗಳು ಅಲ್ಲಿ ಕಾಣದಂತೆ ಆಂಡ್ರಾಯ್ಡ್ ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್‌ಗೆ ಹೋಗಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಗೂಗಲ್ ಫೋಟೊಸ್‌ಗೆ ಬ್ಯಾಕಪ್ ಆಗಿದ್ದರೆ ಅಳಿಸಿದ ಚಿತ್ರವೂ ಬಿನ್‌ನಲ್ಲಿ 60 ದಿನ ಉಳಿಯುತ್ತದೆ, ಅಲ್ಲಿಂದಲೂ ತೆಗೆಯಿರಿ.

ರೀಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ವಾರ್ಡ್‌ನಲ್ಲಿ ಬೇಡ. ಆಯುಧ ಪೂಜೆಯ ಗ್ರೂಪ್ ಫೋಟೊ ತೆಗೆಯುವಾಗಲಾದರೂ ಬೆನ್ನ ಹಿಂದಿನ ಬೋರ್ಡ್ ಒಮ್ಮೆ ತಿರುಗಿ ನೋಡಿ, ರೋಗಿಗಳ ಹೆಸರೆಲ್ಲ ಅಲ್ಲಿರುತ್ತವೆ.

ಇನ್ನು ಊರಿನ ಗ್ರೂಪ್. ‘ಸಿಸ್ಟರಕ್ಕಾ, ಕೂಸಿಗೆ ಭೇದಿ ಹತ್ತೈತಿ, ಯಾವ ಗುಳಿಗಿ ಕೊಡ್ಲಿ?’ ಎಂದು ಕೇಳಿದವರಿಗೆ ಗುಳಿಗೆಯ ಹೆಸರು ಬರೆಯಬೇಡಿ. ಮಗುವಿನ ತೂಕ ಗೊತ್ತಿಲ್ಲ. ನೀವು ಒಬ್ಬರಿಗೆ ಬರೆದದ್ದನ್ನು ಹತ್ತು ಮನೆಯವರು ಅನುಸರಿಸುತ್ತಾರೆ. ಒಂದು ಲೀಟರ್ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೆ ಪೂರ್ತಿ ಹಾಕಿ, 24 ತಾಸಿನೊಳಗೆ ಬಳಸಿ, ಎದೆಹಾಲು ನಿಲ್ಲಿಸಬೇಡಿ, ಕೂಸು ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದು ಬರೆಯಬಹುದು. ಗಂಗಾವತಿ ಕಡೆಯ ಗದ್ದೆಗಳಲ್ಲಿ ಹಾವು ಕಡಿತದ ಭಯ ಇದ್ದದ್ದೇ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಅಲುಗಾಡಿಸದೆ ಕರೆತನ್ನಿ, 108ಕ್ಕೆ ಕರೆ ಮಾಡಿ ಎಂಬಂಥ ಪೋಸ್ಟ್‌ಗಳನ್ನು ನರ್ಸ್‌ಗಳು ಇನ್ನೂ ಹೆಚ್ಚು ಹಾಕಬೇಕು.

ತಪ್ಪಿ ಕಳಿಸಿಬಿಟ್ಟಿರಾ? ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿ. ಎರಡು ದಿನ ದಾಟಿದ ಮೇಲೆ ಆ ಆಯ್ಕೆ ಸಿಗುವುದು ಅನುಮಾನ. ಅಷ್ಟರೊಳಗೆ ಸ್ಕ್ರೀನ್‌ಶಾಟ್ ಆಗಿರಬಹುದು, ಹಾಗಾಗಿ ಅಳಿಸಿ ಸುಮ್ಮನಾಗಬೇಡಿ. ಯಾವ ಗ್ರೂಪ್, ಎಷ್ಟು ಗಂಟೆಗೆ, ಏನು ಕಾಣುತ್ತಿತ್ತು ಎಂದು ವಾರ್ಡ್ ಇನ್‌ಚಾರ್ಜ್‌ಗೆ ಅದೇ ಪಾಳಿಯಲ್ಲಿ ಬರೆದು ಕೊಡಿ. ಸಹೋದ್ಯೋಗಿ ಹಾಕಿದ್ದು ಕಣ್ಣಿಗೆ ಬಿದ್ದರೆ ಗ್ರೂಪ್‌ನಲ್ಲೇ ಬೈಯಬೇಡಿ, ಮತ್ತಷ್ಟು ಜನ ತೆರೆದು ನೋಡುತ್ತಾರೆ. ಅವರಿಗೇ ಫೋನ್ ಮಾಡಿ. ಎತ್ತದಿದ್ದರೆ ಅಡ್ಮಿನ್‌ಗೆ ಹೇಳಿ, ಬೇರೆಯವರ ಸಂದೇಶವನ್ನೂ ಅವರು ಅಳಿಸಬಲ್ಲರು.