ಖಾಲಿ ಎಲೆಯ ಲೆಕ್ಕ: ಮೂರು ವರ್ಷ ಸೋತು ಕೊನೆಗೂ ಹಾಕಿ ಪೂಲ್ ಗೆದ್ದ ನನ್ನ ಅನುಭವ

2025ರ ಏಪ್ರಿಲ್ 6, ಭಾನುವಾರ. ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಓವೆಚ್ಕಿನ್ 895ನೇ ಗೋಲು ಹೊಡೆದ. ಅತಿ ಹೆಚ್ಚು ಗೋಲಿನ ಗ್ರೆಟ್ಸ್ಕಿಯ ದಾಖಲೆ ಮುರಿಯಿತು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆದರೆ ಆ ಗೋಲು ಹೋಗಿದ್ದು ನನ್ನ ಎದುರಾಳಿಯ ಖಾತೆಗೆ. ಅವತ್ತು ನಮ್ಮ ಪೂಲ್ ಫೈನಲ್‌ನ ಕೊನೆಯ ದಿನ. ಪೂಲ್ ಅಂದರೆ ನಿಜವಾದ ಆಟಗಾರರನ್ನು ಹಂಚಿಕೊಂಡು ನಾವು ಕಾಗದದ ಮೇಲೆ ಕಟ್ಟುವ ತಂಡಗಳ ಸ್ಪರ್ಧೆ; ಅವರು ಆಟದಲ್ಲಿ ಮಾಡಿದ್ದು ನಮ್ಮ ಖಾತೆಗೆ. ಅವನ ಹತ್ತಿರ ಓವೆಚ್ಕಿನ್ ಇದ್ದ. ನಾನು ಡೆಡ್‌ಲೈನ್ ದಿನ, ಅಂದರೆ ಆಟಗಾರರನ್ನು ಅದಲುಬದಲು ಮಾಡಲು ಇದ್ದ ಕೊನೆಯ ದಿನ, ತಂದುಕೊಂಡಿದ್ದು ಆಡಮ್ ಲೌರಿ ಮತ್ತು ಬ್ರೇಡನ್ ಮೆಕ್‌ನ್ಯಾಬ್. ರಾತ್ರಿ ಲೆಕ್ಕ ಮುಗಿದಾಗ ಎಂಟು ವಿಭಾಗಗಳಲ್ಲಿ ಐದು ನನ್ನದಾಗಿತ್ತು.

ಮಾರ್ಚ್ 7ರಂದು ಈ ಇಬ್ಬರನ್ನು ತಂದಾಗ ಗ್ರೂಪ್‌ನಲ್ಲಿ ಎಲ್ಲರೂ ಮೂಗು ಮುರಿದಿದ್ದರು. "ಗುರೂ, ಕಪ್ ಗೆಲ್ಲೋಕೆ ಹೊರಟು ಥರ್ಡ್ ಲೈನ್ ಆಟಗಾರನ್ನ ತಂದಿದೀಯಲ್ಲ" ಅಂದ ಹಾಸನದ ಗೆಳೆಯ. ಥರ್ಡ್ ಲೈನ್ ಅಂದರೆ ತಂಡದ ಮೂರನೇ ಸಾಲಿನವರು, ಸ್ಟಾರ್‌ಗಳಲ್ಲ. ನಾನು ಕೆನಡಾದ ವಿನ್ನಿಪೆಗ್‌ನಲ್ಲಿ ಇರುವುದರಿಂದ, ಊರಿನ ತಂಡ ಜೆಟ್ಸ್‌ನ ಕ್ಯಾಪ್ಟನ್ ಮೇಲಿನ ಪ್ರೀತಿಗೆ ಲೌರಿಯನ್ನು ತಗೊಂಡೆ ಅಂತ ಇನ್ನೊಬ್ಬ ಬರೆದ. ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದರೆ ತಗೊಂಡಿದ್ದು ಲೆಕ್ಕ ಹಾಕಿ. ಆ ಲೆಕ್ಕ ಹೇಗೆ ಬಂತು ಅಂತ ಬರೆಯುತ್ತೇನೆ.

ನಮ್ಮದು ಹನ್ನೆರಡು ಜನರ ಕೀಪರ್ ಪೂಲ್, ಅಂದರೆ ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದು. ಒಬ್ಬೊಬ್ಬರು 150 ಡಾಲರ್ ಹಾಕುತ್ತೇವೆ. ಗೆದ್ದವರಿಗೆ ಸುಮಾರು 1,100, ಎರಡನೆಯವರಿಗೆ 450, ಉಳಿದದ್ದು ಸೀಸನ್ ಕೊನೆಯ ಊಟಕ್ಕೆ. ಎನ್‌ಎಚ್‌ಎಲ್‌ನ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) ಏನಿದೆಯೋ ಅದೇ ನಮಗೂ. 2024-25ರ ಸೀಸನ್‌ಗೆ 88 ಮಿಲಿಯನ್ ಡಾಲರ್. ಒಂಬತ್ತು ಫಾರ್ವರ್ಡ್, ಐದು ಡಿಫೆನ್ಸ್, ಇಬ್ಬರು ಗೋಲಿ (ಗೋಲ್‌ಕೀಪರ್), ಆರು ಬೆಂಚ್. ವಿಭಾಗಗಳು ಗೋಲು, ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಶಾಟ್, ಹಿಟ್ (ಎದುರಾಳಿಗೆ ಮೈಯಿಂದ ಕೊಡುವ ಡಿಕ್ಕಿ), ಬ್ಲಾಕ್ (ಎದುರಾಳಿಯ ಶಾಟ್‌ಗೆ ಅಡ್ಡ ನಿಲ್ಲುವುದು), ಫೇಸ್‌ಆಫ್ (ಆಟ ಶುರುವಾಗುವಾಗ ಪಕ್‌ಗಾಗಿ ಇಬ್ಬರ ಪೈಪೋಟಿ), ಗೋಲಿಯ ಗೆಲುವು, ಸೇವ್ ಪರ್ಸೆಂಟ್ (ಗೋಲಿ ತಡೆದ ಶಾಟ್‌ಗಳ ಪ್ರಮಾಣ). ಆರು ತಂಡಗಳಿಗೆ ಪ್ಲೇಆಫ್, ಮೂರು ವಾರ. ವಾರಕ್ಕೆ ಇಬ್ಬಿಬ್ಬರ ಪೈಪೋಟಿ, ಹೆಚ್ಚು ವಿಭಾಗ ಗೆದ್ದವನಿಗೆ ಗೆಲುವು.

ಮೊದಲು ಸೋತ ಕಥೆ. 2022ರಲ್ಲಿ ಡೆಡ್‌ಲೈನ್‌ಗೆ ಒಬ್ಬ ದೊಡ್ಡ ಸೆಂಟರ್ (ನಡುವೆ ಆಡುವ ಫಾರ್ವರ್ಡ್) ತಂದೆ. ಕೊಟ್ಟಿದ್ದು ಮೊದಲ ಸುತ್ತಿನ ಪಿಕ್ (ಹೊಸ ಆಟಗಾರರ ಆಯ್ಕೆಯಲ್ಲಿ ಒಬ್ಬನನ್ನು ಆರಿಸುವ ಸರದಿ) ಮತ್ತು ಒಬ್ಬ ಎಳೆಯ ಡಿಫೆನ್ಸ್‌ಮನ್. ಆಗ ನಮ್ಮ ಫೈನಲ್ ಸೀಸನ್‌ನ ಕೊನೆಯ ವಾರ ಇರುತ್ತಿತ್ತು. ಅವನ ತಂಡಕ್ಕೆ ಪ್ಲೇಆಫ್ ಜಾಗ ಗಟ್ಟಿಯಾಗಿತ್ತು. ಕೊನೆಯ ಮೂರು ಆಟದಲ್ಲಿ ಎರಡಕ್ಕೆ ಅವನಿಗೆ ವಿಶ್ರಾಂತಿ ಕೊಟ್ಟರು. ನಾನು ಬರೀ ಒಂದು ಆಟಕ್ಕೆ ಮೊದಲ ಸುತ್ತಿನ ಪಿಕ್ ಕೊಟ್ಟ ಹಾಗಾಯಿತು. ಆಮೇಲೆ ಎಲ್ಲರೂ ಸೇರಿ ಫೈನಲ್ ಅನ್ನು ಎರಡು ವಾರ ಮೊದಲೇ ಮುಗಿಯುವ ಹಾಗೆ ಮಾಡಿದೆವು. ಆ ಮತ ಹಾಕಿಸಿದ್ದು ನಾನೇ.

2023ರಲ್ಲಿ ಬುದ್ಧಿ ಬಂದಿರಲಿಲ್ಲ. ಒಬ್ಬ ವಿಂಗರ್ (ಬದಿಯಲ್ಲಿ ಆಡುವ ಫಾರ್ವರ್ಡ್) ಒಳ್ಳೆಯ ತಂಡಕ್ಕೆ ಟ್ರೇಡ್ ಆದ. ಇನ್ನು ಪಾಯಿಂಟ್ (ಗೋಲು, ಅಸಿಸ್ಟ್ ಸೇರಿ) ಸುರಿಯುತ್ತದೆ ಅಂದುಕೊಂಡು ಇಬ್ಬರು ಗಟ್ಟಿ ಆಟಗಾರರನ್ನು ಕೊಟ್ಟು ತಗೊಂಡೆ. ಅವನು ಆಟಕ್ಕೆ ಅರ್ಧ ಪಾಯಿಂಟ್ ಹೊಡೆದ. ಹಿಟ್ ಇಲ್ಲ, ಬ್ಲಾಕ್ ಇಲ್ಲ, ಫೇಸ್‌ಆಫ್ ಅಂತೂ ಇಲ್ಲವೇ ಇಲ್ಲ. ಗೋಲು ಗೆದ್ದೆ, ಮೂರು ವಿಭಾಗ ಒಟ್ಟಿಗೆ ಸೋತೆ. ತಪ್ಪು ಅವನದಲ್ಲ. ಅವನು ಯಾವತ್ತೂ ಆಡುವ ಹಾಗೇ ಆಡಿದ. ನಾನು ಏನು ಕೊಟ್ಟೆ ಅಂತ ಎಣಿಸಿರಲಿಲ್ಲ. ಆ ವರ್ಷ ಒಂದು ಲೆಕ್ಕಾಚಾರದ ಆ್ಯಪ್‌ಗೂ ಅರವತ್ತು ಡಾಲರ್ ಕಟ್ಟಿದ್ದೆ. ಅದು ಹೇಳಿದ್ದೂ ಆ ವಿಂಗರ್ ಹೆಸರನ್ನೇ.

ಅದೇ ವಸಂತದಲ್ಲಿ ಬಾಸ್ಟನ್ ಕಥೆಯನ್ನು ಎಲ್ಲರೂ ನೋಡಿದೆವು. ಲೀಗ್‌ನಲ್ಲಿ 65 ಗೆಲುವು, ತಂಡಕ್ಕೆ 135 ಪಾಯಿಂಟ್. ಡೆಡ್‌ಲೈನ್‌ಗೆ ಓರ್ಲೋವ್, ಹ್ಯಾಥವೇ, ಬರ್ಟುಝಿ ಮೂವರೂ ಬಂದರು. ಮೊದಲ ಸುತ್ತಿನಲ್ಲೇ ಫ್ಲೋರಿಡಾ ಎದುರು ಏಳು ಆಟದಲ್ಲಿ ಸೋತರು. ಲೀಗ್‌ನ ಸ್ಟಾನ್ಲಿ ಕಪ್ ಹೋಗಿದ್ದು ವೇಗಸ್‌ಗೆ. ವೇಗಸ್ ಝ್ಯಾಕ್ ಡೀನ್ ಎಂಬ ಹುಡುಗನನ್ನು ಕೊಟ್ಟು ಇವಾನ್ ಬಾರ್ಬಶೆವ್‌ನನ್ನು ತಂದಿತ್ತು. ಅವನು ಹೋಗಿ ತಂಡದ ದೊಡ್ಡ ಆಟಗಾರರಾದ ಐಕೆಲ್, ಮಾರ್ಶೆಸೋ ಜೊತೆ ಒಂದೇ ಸಾಲಿನಲ್ಲಿ ಕೂತುಬಿಟ್ಟ. ಎಷ್ಟು ಜನ ತಂದರು ಅನ್ನುವುದು ಮುಖ್ಯ ಆಗಲಿಲ್ಲ. ಯಾವ ಜಾಗ ಖಾಲಿ ಇತ್ತು ಅನ್ನುವುದು ಮುಖ್ಯ ಆಯಿತು, ಅಲ್ವಾ?

ಇದಕ್ಕೆ ನನ್ನ ಮಟ್ಟಿಗೆ ದೊಡ್ಡ ಉದಾಹರಣೆ 2020ರ ಟ್ಯಾಂಪಾ. ಹಿಂದಿನ ವರ್ಷ 62 ಆಟ ಗೆದ್ದು, ಮೊದಲ ಸುತ್ತಿನಲ್ಲಿ ಕೊಲಂಬಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿದ್ದ ತಂಡ ಅದು. ಗೋಲು ಹೊಡೆಯುವವರಿಗೆ ಅಲ್ಲಿ ಬರ ಇರಲಿಲ್ಲ. ಅವರು ಬ್ಲೇಕ್ ಕೋಲ್‌ಮನ್‌ಗೆ ಒಂದು ಮೊದಲ ಸುತ್ತಿನ ಪಿಕ್ ಜೊತೆ ನೋಲನ್ ಫೂಟ್‌ನನ್ನು ಕೊಟ್ಟರು. ಬಾರ್ಕ್ಲೇ ಗುಡ್ರೋಗೆ ಇನ್ನೊಂದು ಮೊದಲ ಸುತ್ತಿನ ಪಿಕ್ ಕೊಟ್ಟರು. ಬೆಲೆ ಜಾಸ್ತಿ ಆಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕೋಲ್‌ಮನ್‌ನ ಕ್ಯಾಪ್ ಹಿಟ್ (ಕ್ಯಾಪ್‌ನಲ್ಲಿ ಎಣಿಸುವ ಸಂಬಳ) 1.8 ಮಿಲಿಯನ್, ಗುಡ್ರೋನದು 9,25,000. ಇಬ್ಬರ ಕರಾರೂ ಮುಂದಿನ ವರ್ಷದವರೆಗೆ ಇತ್ತು. ಯಾನಿ ಗೂರ್ಡ್ ಜೊತೆ ಆ ಥರ್ಡ್ ಲೈನ್ ಎರಡು ವರ್ಷ ಆಡಿತು. ಎರಡು ಕಪ್ ಬಂತು. ಪಿಕ್‌ನ ಬೆಲೆಯನ್ನು ಒಂದು ವಸಂತಕ್ಕೆ ಹಂಚುವುದು ಬೇರೆ, ಎರಡಕ್ಕೆ ಹಂಚುವುದು ಬೇರೆ. ನಾನೂ ಈಗ ಕರಾರು ಉಳಿದಿರುವ ಆಟಗಾರನನ್ನೇ ಮೊದಲು ಕೇಳುತ್ತೇನೆ.

ನಮ್ಮೂರಿನ ಜೆಟ್ಸ್ ಇನ್ನೊಂದು ದಾರಿ ಹಿಡಿದಿದ್ದರು. 2018ರಲ್ಲಿ ಸ್ಟಾಸ್ಟ್ನಿ, 2019ರಲ್ಲಿ ಕೆವಿನ್ ಹೇಸ್, 2024ರಲ್ಲಿ ಮೊನಾಹನ್. ಮೂರು ಸಲವೂ ಸೆಂಟರ್, ಮೂರು ಸಲವೂ ಮೊದಲ ಸುತ್ತಿನ ಪಿಕ್ ಹೋಯಿತು. ಮೂವರೂ ಅದೇ ಬೇಸಿಗೆಯಲ್ಲಿ ಬೇರೆ ಕಡೆ ಹೋದರು. ಸ್ಟಾಸ್ಟ್ನಿ ಬಂದ ವರ್ಷ ಮಾತ್ರ ಲೀಗ್‌ನ ಪಶ್ಚಿಮ ವಿಭಾಗದ ಫೈನಲ್‌ವರೆಗೆ ಹೋದೆವು. ಆ ವಸಂತದ ಖುಷಿಗೆ ಪಿಕ್ ಹೋದರೂ ಬೇಜಾರಿಲ್ಲ ಅನ್ನುವವನು ನಾನು.

ಈಗ 2024ರ ಸೋಲು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪಾಠ ಕಲಿಸಿದ್ದು ಇದೇ. ಆ ವರ್ಷ ಸ್ಟಾರ್ ಬೇಡ ಅಂತ ಗಟ್ಟಿ ಮನಸ್ಸು ಮಾಡಿದೆ. ಹಿಟ್, ಬ್ಲಾಕ್ ಚೆನ್ನಾಗಿರುವ ನಾಲ್ಕು ಜನರನ್ನು ತಂದೆ. ಕಾಗದದ ಮೇಲೆ ನನ್ನ ತಂಡದಷ್ಟು ಆಳ ಯಾರದ್ದೂ ಇರಲಿಲ್ಲ. ಸೆಮಿಫೈನಲ್ ವಾರದಲ್ಲಿ ಮಂಗಳವಾರ ನನ್ನ ಐದು ಜನ ಬೆಂಚ್ ಮೇಲೆ ಕೂತಿದ್ದರು. ಗುರುವಾರ ಮತ್ತೆ ಐದು. ಬುಧವಾರ ನೋಡಿದರೆ ಹದಿನಾಲ್ಕು ಜಾಗದಲ್ಲಿ ಬರೀ ಮೂರು ಜನ. ತಂದ ನಾಲ್ವರೂ ಮಂಗಳ, ಗುರು, ಶನಿವಾರದವರೇ! ಹಿಟ್ ವಿಭಾಗವನ್ನು ಆರೋ ಏಳೋ ಹಿಟ್‌ನಲ್ಲಿ ಸೋತೆ. ಬೆಂಚ್ ಮೇಲೆ ಕೂತವರು ಆ ವಾರ ಮಾಡಿದ್ದು ಮೂವತ್ತಕ್ಕೂ ಮೇಲೆ. ರಾತ್ರಿ ನಿದ್ದೆ ಬರಲಿಲ್ಲ.

ಆಗ ನೆನಪಾಗಿದ್ದು ಊರಿನ ಮದುವೆ ಊಟ. ಮೊದಲ ಪಂಕ್ತಿಗೆ ಎಲ್ಲರೂ ನುಗ್ಗುತ್ತಾರೆ. ಎಷ್ಟು ದೊಡ್ಡ ನೆಂಟ ಬಂದರೂ ಎಲೆ ಇಲ್ಲದಿದ್ದರೆ ನಿಲ್ಲಬೇಕು. ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದು ಹಾಗೇ ಇರುತ್ತದೆ, ಕೂರುವವರಿಲ್ಲ. ಎನ್‌ಎಚ್‌ಎಲ್ ವಾರವೂ ಹಾಗೇ. ಮಂಗಳ, ಗುರು, ಶನಿ ಹತ್ತು-ಹನ್ನೆರಡು ಆಟ ಇರುತ್ತವೆ. ಸೋಮ, ಬುಧ, ಶುಕ್ರ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಭಾನುವಾರ ನಡುವೆ ಎಲ್ಲೋ. ತುಂಬಿದ ದಿನ ನೀವು ಸ್ಟಾರ್ ತಂದರೆ ಅವನು ನಿಮ್ಮ ಒಬ್ಬ ಒಳ್ಳೆಯ ಆಟಗಾರನನ್ನು ಎಬ್ಬಿಸಿ ಕೂರುತ್ತಾನೆ. ಸಿಗುವುದು ಇಬ್ಬರ ನಡುವಿನ ವ್ಯತ್ಯಾಸ ಮಾತ್ರ. ಖಾಲಿ ಎಲೆಗೆ ಒಬ್ಬ ಸಾಧಾರಣ ಆಟಗಾರ ಬಂದರೂ ಅವನು ಮಾಡಿದ್ದೆಲ್ಲ ನಿಮಗೆ ಲಾಭ.

2025ರಲ್ಲಿ ಜನವರಿಯಿಂದಲೇ ಒಂದು ಶೀಟ್ ಮಾಡಿಟ್ಟೆ. ಮಾರ್ಚ್ 17ರಿಂದ ಏಪ್ರಿಲ್ 6ರವರೆಗೆ, ಮೂರು ವಾರ. ದಿನಕ್ಕೊಂದು ಕಾಲಂ. ನನ್ನ ಪ್ರತಿ ಆಟಗಾರನ ಆಟ ಇರುವ ದಿನಕ್ಕೆ ಗುರುತು. ಕೆಳಗೆ ಖಾಲಿ ಎಲೆ ಎಷ್ಟು ಅಂತ ಲೆಕ್ಕ. ಡಿಫೆನ್ಸ್ ಜಾಗ ಬೇರೆ, ಸೆಂಟರ್ ಜಾಗ ಬೇರೆ. ಅಷ್ಟೇ. ಹೊಸದೇನೂ ಇಲ್ಲ ಅಂತ ಅನ್ನಿಸಬಹುದು. ಆದರೆ ನಮ್ಮ ಹನ್ನೆರಡು ಜನರಲ್ಲಿ ಡೆಡ್‌ಲೈನ್‌ಗೆ ಮುಂಚೆ ಇದನ್ನು ಮಾಡಿದವನು ನಾನೊಬ್ಬನೇ.

ಡೆಡ್‌ಲೈನ್ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ. ಅರ್ಧ ದಿನ ರಜೆ ಹಾಕಿದೆ. ನನ್ನ ಹತ್ತಿರ ಉಳಿದಿದ್ದು ಆರೂವರೆ ಮಿಲಿಯನ್ ಕ್ಯಾಪ್. ಎದುರಿಗೆ ಎರಡು ದಾರಿ. ಒಂದು, ಎಂಟೂವರೆ ಮಿಲಿಯನ್‌ನ ಒಬ್ಬ ವಿಂಗರ್. ಬೆಲೆ ಮೊದಲ ಸುತ್ತಿನ ಪಿಕ್, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದಾದ ಒಬ್ಬ ಎಳೆಯ ಆಟಗಾರ. ಕ್ಯಾಪ್ ಸಾಲದ್ದರಿಂದ ಎರಡನೇ ಗೋಲಿಯನ್ನೂ ಬಿಡಬೇಕು. ಎರಡು, ಲೌರಿ 3.25 ಮಿಲಿಯನ್, ಮೆಕ್‌ನ್ಯಾಬ್ 2.85. ಇಬ್ಬರಿಗೂ ಸೇರಿ ಎರಡನೇ ಮತ್ತು ನಾಲ್ಕನೇ ಸುತ್ತಿನ ಪಿಕ್.

ಶೀಟ್ ತೆಗೆದೆ. ವಿಂಗರ್‌ಗೆ ಮೂರು ವಾರದಲ್ಲಿ ಹತ್ತು ಆಟ. ಖಾಲಿ ಎಲೆಗೆ ಬೀಳುವುದು ಮೂರೇ. ಉಳಿದ ಏಳು ದಿನ ಅವನು ನನ್ನವನೊಬ್ಬನನ್ನು ಎಬ್ಬಿಸಬೇಕು. ಲೌರಿ, ಮೆಕ್‌ನ್ಯಾಬ್ ಇಬ್ಬರಿಗೂ ಸೇರಿ ಇಪ್ಪತ್ತರ ಹತ್ತಿರ ಆಟ. ನನ್ನ ತಂಡದ ಖಾಲಿ ಎಲೆಗೆ ಹನ್ನೊಂದು. ಲೌರಿ ಆಟಕ್ಕೆ ಎರಡು-ಮೂರು ಹಿಟ್, ಏಳರ ಹತ್ತಿರ ಫೇಸ್‌ಆಫ್ ಗೆಲ್ಲುತ್ತಿದ್ದ. ಮೆಕ್‌ನ್ಯಾಬ್ ಎರಡು ಬ್ಲಾಕ್, ಎರಡು ಹಿಟ್. ಗುಣಿಸಿ ನೋಡಿದೆ. ಒಂದೂವರೆ ಗಂಟೆಗೆ ಒಪ್ಪಿಗೆ ಒತ್ತಿದೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬೇಕಾಗಿದ್ದವನು ವ್ಯಾಂಕೂವರ್‌ನ ಕೀಫರ್ ಶರ್ವುಡ್. ಬರೀ ಒಂದೂವರೆ ಮಿಲಿಯನ್. ಆ ಸೀಸನ್‌ನಲ್ಲಿ 460ಕ್ಕೂ ಹೆಚ್ಚು ಹಿಟ್ ಮಾಡಿ ಎನ್‌ಎಚ್‌ಎಲ್ ದಾಖಲೆ ಮುರಿದ. ಅವನನ್ನು ಇಟ್ಟುಕೊಂಡಿದ್ದ ಗೆಳೆಯ ಜಪ್ಪಯ್ಯ ಅಂದರೂ ಕೊಡಲಿಲ್ಲ. ಅವನ ಜಾಗದಲ್ಲಿ ಇದ್ದಿದ್ದರೆ ನಾನೂ ಕೊಡುತ್ತಿರಲಿಲ್ಲ.

ಹಿಟ್ ಬಗ್ಗೆ ಒಂದು ಮಾತು. ಇದು ಸ್ವಲ್ಪ ಅಡ್ಡದಾರಿ, ಆದರೂ ಹೇಳುತ್ತೇನೆ. ಹಿಟ್ ಎಣಿಸುವವರು ಆಯಾ ಊರಿನ ಅಂಗಳದವರು. ಕೆಲವು ಕಡೆ ಭುಜ ತಾಗಿದರೂ ಹಿಟ್ ಬರೆಯುತ್ತಾರೆ. ಕೆಲವು ಕಡೆ ಗೋಡೆಗೆ ಒತ್ತಿದರೂ ಬರೆಯಲ್ಲ. ಎರಡು ತಿಂಗಳು ಹದಿನೈದು ಜನರ ತವರಿನ ಹಿಟ್, ಹೊರಗಿನ ಹಿಟ್ ಬೇರೆ ಬೇರೆ ಬರೆದಿಟ್ಟೆ. ಕೆಲವರಿಗೆ ಸುಮಾರು ಕಾಲು ಭಾಗ ವ್ಯತ್ಯಾಸ ಬಂತು. ಹಾಗಾಗಿ ಪ್ಲೇಆಫ್ ವಾರಗಳಲ್ಲಿ ಯಾರಿಗೆ ತವರಿನ ಆಟ ಜಾಸ್ತಿ ಅಂತಲೂ ನೋಡುತ್ತೇನೆ. ಯಾವ ಊರು ಅಂತ ಮಾತ್ರ ಬರೆಯಲ್ಲ. ಈ ಬರಹವನ್ನು ನಮ್ಮ ಪೂಲ್‌ನವರೂ ಓದುತ್ತಾರೆ.

ಗೋಲಿ ಮೇಲೂ ಒಂದು ಪ್ರಯೋಗ ಮಾಡಿದೆ. ಸತತ ಎರಡು ದಿನ ಆಟ ಇರುವ ತಂಡಗಳ ಎರಡನೇ ಗೋಲಿಯನ್ನು ಹಿಂದಿನ ದಿನವೇ ಎತ್ತಿಕೊಳ್ಳುವುದು. ಗೆಲುವು ಒಂದೆರಡು ಸಿಕ್ಕಿತು, ಸೇವ್ ಪರ್ಸೆಂಟ್ ನೆಲಕ್ಕೆ ಬಿತ್ತು. ಬಿಟ್ಟುಬಿಟ್ಟೆ.

ಇನ್ನೊಂದು, ಆಫರ್ ಕಳಿಸುವ ಹೊತ್ತು. ಡೆಡ್‌ಲೈನ್ ದಿನ ಕೊನೆ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಕಳಿಸುತ್ತಾರೆ. ಬೆಲೆ ಸುಮ್ನೆ ಏರುತ್ತದೆ. ನಾನು ಲೌರಿಗೆ ಮೊದಲ ಮಾತು ಹಾಕಿದ್ದು ಫೆಬ್ರವರಿಯಲ್ಲಿ, ಫೋರ್ ನೇಷನ್ಸ್ ಪಂದ್ಯಾವಳಿಗೆ ಲೀಗ್ ನಿಂತಿದ್ದಾಗ. ಯಾರ ಲಕ್ಷ್ಯವೂ ಪೂಲ್ ಮೇಲೆ ಇರಲಿಲ್ಲ. ಅಲ್ಲಿಂದ ಮುಂದೆ ಬೆಲೆ ಹೇಗೆ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಪ್ಲೇಆಫ್‌ಗೆ ಮೂರನೆಯವನಾಗಿ ಹೋದೆ. ಮೊದಲ ವಾರ 6-2. ಸೆಮಿಫೈನಲ್ ಕಷ್ಟ ಆಯಿತು, 4-4. ಹೇಗೋ ದಾಟಿದೆ. ಫೈನಲ್ ವಾರ ಬುಧವಾರ ರಾತ್ರಿ ಎದುರಾಳಿಗೆ ಇಬ್ಬರೇ ಆಡುತ್ತಿದ್ದರು, ನನಗೆ ಎಂಟು ಜನ. ಆ ರಾತ್ರಿಯೇ ಹಿಟ್, ಬ್ಲಾಕ್ ಎರಡರಲ್ಲೂ ಮುಂದೆ ಹೋದೆ. ಭಾನುವಾರದ ಹೊತ್ತಿಗೆ ಹಿಟ್ ಸುಮಾರು 118ಕ್ಕೆ 91. ಬ್ಲಾಕ್ 60ರ ಮೇಲೆ, ಅವನದು 47. ಫೇಸ್‌ಆಫ್‌ನಲ್ಲಿ ಮೂವತ್ತರಷ್ಟು ಮುಂದೆ. ಗೋಲಿಯ ಗೆಲುವು ಒಂದು ಜಾಸ್ತಿ, ಅಸಿಸ್ಟ್ ಎರಡು ಜಾಸ್ತಿ. ಗೋಲು, ಶಾಟ್, ಸೇವ್ ಪರ್ಸೆಂಟ್ ಅವನದು. ಓವೆಚ್ಕಿನ್ ಅವನಿಗೆ ಗೋಲು ವಿಭಾಗ ಗೆದ್ದುಕೊಟ್ಟ. ಅದರ ಆಚೆಗೆ ಅವನಿಗೆ ಹೋಗಲು ಜಾಗ ಇರಲಿಲ್ಲ.

ಬಂದ 1,100 ಡಾಲರ್‌ನಲ್ಲಿ ಮೂರು ವರ್ಷದ 450 ಮತ್ತು ಆ ಆ್ಯಪ್‌ನ ಅರವತ್ತು ಕಳೆದೆ. ಉಳಿದದ್ದರಲ್ಲಿ ಜೆಟ್ಸ್ ಪ್ಲೇಆಫ್‌ನ ಎರಡು ಟಿಕೆಟ್ ತಗೊಂಡೆ, ಮೇಲಿನ ಸಾಲಿನವು.

ಸೇಂಟ್ ಲೂಯಿಸ್ ಎದುರು ಜೆಟ್ಸ್‌ನ ಮೊದಲ ಸುತ್ತಿನ ಏಳನೇ ಆಟ ಮೇ 4ಕ್ಕೆ, ಅದಕ್ಕೆ ಟಿಕೆಟ್ ಸಿಗಲಿಲ್ಲ. ಮನೆಯಲ್ಲೇ ನೋಡಿದೆ. ಸೇಂಟ್ ಲೂಯಿಸ್ 3-1 ಮುಂದಿತ್ತು, ಎರಡು ನಿಮಿಷ ಬಾಕಿ. ನಮ್ಮ ನಮೆಸ್ಟ್ನಿಕೋವ್ ಒಂದು ಹೊಡೆದ. ಎರಡು ಸೆಕೆಂಡ್ ಕೂಡ ಉಳಿದಿರಲಿಲ್ಲ, ಪರ್ಫೆಟ್ಟಿ ಸಮ ಮಾಡಿದ. ಎರಡನೇ ಓವರ್‌ಟೈಮ್‌ನಲ್ಲಿ ಪಿಯೋಂಕ್ ನೀಲಿ ಗೆರೆಯಿಂದ ಹೊಡೆದ ಪಕ್ ಅನ್ನು ಗೋಲಿನ ಮುಂದೆ ನಿಂತಿದ್ದವನೊಬ್ಬ ಕೋಲು ತಾಗಿಸಿ ಒಳಗೆ ಕಳಿಸಿದ. ಲೌರಿ. ಮಗಳು ಎದ್ದು ಬಂದು ಏನಾಯ್ತಪ್ಪಾ ಅಂತ ಕೇಳಿದಳು. ನನಗೆ ಮಾತು ಹೊರಡಲಿಲ್ಲ.

ಐದು ನಿಮಿಷಕ್ಕೆ ಹಾಸನದ ಗೆಳೆಯನ ಮೆಸೇಜ್ ಬಂತು. "ಲೌರಿಗೆ ಎಷ್ಟು ಕೇಳ್ತೀಯ?" ಕೊಡಲ್ಲ ಅಂತ ಬರೆದೆ.